ಸಮುವೇಲನನ್ನು ಮಕ್ಕಳಿಗೆ ಪರಿಚಯಿಸುವ ಬಗೆ

ಪ್ರಶ್ನೆ: ನಮ್ಮ ಶಾಲೆಯಲ್ಲಿ ಶನಿವಾರದಂದು ಬೇರೆ ಬೇರೆ ಧರ್ಮಗಳ ಹಿರಿಯರ ಜೀವನವನ್ನು ಮಕ್ಕಳಿಗೆ ಹೇಳುತ್ತೇವೆ. ಈ ಸಲ ಹೀಬ್ರೂ ಪ್ರವಾದಿ ಸಮುವೇಲನ ಸರದಿ. ದೇವರು ರಾತ್ರಿ ಅವನನ್ನು ಕರೆದ ಕಥೆಯೊಂದೇ ನನಗೆ ಗೊತ್ತಿದೆ. ಲಿಂಗಾಯತ, ಮುಸ್ಲಿಂ, ಕ್ರೈಸ್ತ ಮನೆಗಳಿಂದ ಬರುವ ಆರು, ಏಳನೆಯ ತರಗತಿಯ ಮಕ್ಕಳಿಗೆ ಏನು ಹೇಳಲಿ, ಏನು ಬಿಡಲಿ?
– ಒಬ್ಬ ಶಿಕ್ಷಕಿ, ಭಾಲ್ಕಿ ತಾಲ್ಲೂಕು, ಬೀದರ್ ಜಿಲ್ಲೆ

ಉತ್ತರ: ತಾಯಿ ಹನ್ನಳಿಂದ ಆರಂಭಿಸಿರಿ. ಸುಮಾರು 3000 ವರ್ಷಗಳ ಹಿಂದಿನ ಸಂಗತಿಯಿದು. ಇದಕ್ಕೆಲ್ಲ ಹೀಬ್ರೂ ಧರ್ಮಗ್ರಂಥವೇ ಆಧಾರವೆಂಬುದನ್ನು ಮೊದಲೇ ತಿಳಿಸಿಬಿಡಿ. ಹನ್ನಳ ಗಂಡನಾದ ಎಲ್ಕಾನನ ಕುಟುಂಬವು ರಾಮಾ ಎಂಬ ಊರಿನಿಂದ ವರ್ಷಕ್ಕೊಮ್ಮೆ ಶಿಲೋ ಎಂಬಲ್ಲಿದ್ದ ದೇವಾಲಯಕ್ಕೆ ಹೋಗುತ್ತಿತ್ತು. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಮನೆಮಂದಿಯೊಡನೆ ಹೋಗಿಬಂದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳಿಲ್ಲದ ಹನ್ನಳು ಅಲ್ಲಿ ತುಟಿಯಷ್ಟೇ ಅಲುಗಿಸುತ್ತ ಅಳುತ್ತ ಪ್ರಾರ್ಥಿಸಿದಾಗ, ವೃದ್ಧ ಯಾಜಕನಾದ ಏಲಿ ಅವಳು ಕುಡಿದಿರುವಳೆಂದೇ ಭಾವಿಸಿ ಗದರಿಸಿದನು. ಮುಂದೆ ಮಗ ಹುಟ್ಟಿದ ಮೇಲೆ, ಹರಕೆಯಂತೆ ಅವಳು ಅವನನ್ನು ಅದೇ ಏಲಿಯ ಕೈಗೆ ಒಪ್ಪಿಸಿದಳು. ಆದರೂ ಪ್ರತಿ ವರ್ಷ ಒಂದು ಪುಟ್ಟ ನಿಲುವಂಗಿಯನ್ನು ತಾನೇ ಸಿದ್ಧಪಡಿಸಿ ಮಗನಿಗೆ ಒಯ್ಯುತ್ತಿದ್ದಳು. ಈ ಅಂಗಿಯ ಮಾತನ್ನು ದಯವಿಟ್ಟು ಬಿಡಬೇಡಿ.

ರಾತ್ರಿಯ ಕಥೆಯನ್ನು ಹೆಚ್ಚಿನವರು ಅರ್ಧಕ್ಕೇ ನಿಲ್ಲಿಸುವುದು ನನಗೆ ಬೇಸರ ತರುತ್ತದೆ. ಹೆಸರು ಹಿಡಿದು ಕರೆದದ್ದು ಕೇಳಿದ ಹುಡುಗನು ಏಲಿಯೇ ಕರೆದನೆಂದು ಮೂರು ಸಲ ಎದ್ದು ಓಡಿಹೋದನು. ನಾಲ್ಕನೆಯ ಸಲ, ಏಲಿ ಹೇಳಿಕೊಟ್ಟಂತೆ, ದೇವರಿಗೆ ಓಗೊಟ್ಟನು. ಆದರೆ ಅವನು ಆಗ ಕೇಳಿದ್ದು, ದುಷ್ಟರಾಗಿದ್ದ ಮಕ್ಕಳನ್ನು ತಡೆಯದ ಏಲಿಯ ಮನೆತನಕ್ಕೆ ಬರಲಿರುವ ಶಿಕ್ಷೆಯ ಮಾತನ್ನು. ಹುಡುಗನು ಬೆಳಗಿನವರೆಗೆ ಮಲಗಿದ್ದು, ಎದ್ದು ದೇವಾಲಯದ ಬಾಗಿಲುಗಳನ್ನು ತೆರೆದನು. ಸಾಕಿ ಬೆಳೆಸಿದ ಗುರುವಿಗೆ ಅದನ್ನು ಹೇಳಲು ಹೆದರಿದನು. ಏಲಿಯೇ ಕರೆದು ಒತ್ತಾಯಿಸಿದಾಗ ಒಂದನ್ನೂ ಮುಚ್ಚಿಡದೆ ಹೇಳಿದನು. ನನ್ನ ದೃಷ್ಟಿಯಲ್ಲಿ ಸಮುವೇಲನ ಜೀವನದ ತಿರುಳು ಆ ಬೆಳಗಿನಲ್ಲಿದೆ, ಏಕೆಂದರೆ ಅಧಿಕಾರದಲ್ಲಿದ್ದವರಿಗೆ ಕಹಿಯಾದ ಸತ್ಯವನ್ನು ಹೇಳುವ ಕೆಲಸವೇ ಅವನಿಗೆ ಕೊನೆಯವರೆಗೂ ಬಂತು.

ನಡುವಿನ ಯುದ್ಧಗಳನ್ನು ಬೇಗನೆ ದಾಟಬಹುದು. ಅವನು ನ್ಯಾಯಸ್ಥಾಪಕನಾಗಿ ಬೇತೇಲ್, ಗಿಲ್ಗಾಲ್, ಮಿಚ್ಪಾ ಊರುಗಳನ್ನು ವರ್ಷವರ್ಷವೂ ಸುತ್ತಿ ಜನರ ವ್ಯಾಜ್ಯಗಳನ್ನು ತೀರಿಸುತ್ತಿದ್ದನೆಂಬುದನ್ನು ಮಾತ್ರ ಹೇಳಿರಿ. ಅವನ ಮಕ್ಕಳು ಲಂಚಕೋರರಾದರು ಎಂಬುದನ್ನೂ ಮರೆಮಾಚಬೇಡಿ. ಅದೇ ಕಾರಣ ಮುಂದಿಟ್ಟು ಜನರು ಅರಸನನ್ನು ಬೇಡಿದರು. ಅರಸನು ನಿಮ್ಮ ಗಂಡುಮಕ್ಕಳನ್ನು ರಥಗಳಿಗೆ, ಹೆಣ್ಣುಮಕ್ಕಳನ್ನು ಅಡುಗೆಗೆ ಹಿಡಿದುಕೊಳ್ಳುತ್ತಾನೆ, ಒಳ್ಳೆಯ ಹೊಲಗಳನ್ನು ಕಿತ್ತುಕೊಳ್ಳುತ್ತಾನೆ, ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ಕೇಳುತ್ತಾನೆ ಎಂದು ಅವನು ಎಚ್ಚರಿಸಿದರೂ ಜನರು ಒಪ್ಪದಿದ್ದುದರಿಂದ, ಸೌಲನನ್ನು ಅಭಿಷೇಕಿಸಿದನು. ಬಳಿಕ ನರೆತ ತಲೆಯ ಆ ಮುದುಕನು ಜನರ ಮುಂದೆ ನಿಂತು, ತಾನು ಯಾರ ಎತ್ತನ್ನು, ಯಾರ ಕತ್ತೆಯನ್ನು ತೆಗೆದುಕೊಂಡಿದ್ದೇನೆ, ಯಾರ ಕೈಯಿಂದ ಲಂಚ ಪಡೆದಿದ್ದೇನೆ, ಹೇಳಿರಿ, ಹಿಂದಿರುಗಿಸುತ್ತೇನೆ ಎಂದು ಕೇಳಿದನು. ಯಾರೂ ಒಂದು ದೂರನ್ನೂ ಹೇಳಲಿಲ್ಲ. ಇದನ್ನು ಮಕ್ಕಳಿಂದಲೇ ಅಭಿನಯಿಸಿ ತೋರಿಸಬಹುದು.

ಅಮಾಲೇಕ್ಯರೆಂಬ ಶತ್ರು ಜನಾಂಗದ ಸಂಹಾರ ಮತ್ತು ಅವರ ಅರಸ ಅಗಾಗನನ್ನು ಸಮುವೇಲನೇ ಕೊಂದ ಪ್ರಸಂಗವನ್ನು ಈ ವಯಸ್ಸಿನವರಿಗೆ ಹೇಳಬೇಕೆಂದಿಲ್ಲ. ಯಾರಾದರೂ ಓದಿಕೊಂಡು ಬಂದು ಕೇಳಿದರೆ ಇಲ್ಲವೆನ್ನಬೇಡಿ. ಗ್ರಂಥದಲ್ಲಿ ಹಾಗಿದೆ ಎಂದು ನೇರವಾಗಿ ಒಪ್ಪಿಕೊಂಡು, ದೊಡ್ಡ ತರಗತಿಯಲ್ಲಿ ಚರ್ಚಿಸೋಣವೆನ್ನಿರಿ.

ಮುಸ್ಲಿಂ ಮಕ್ಕಳಿಗೆ ಈ ಕಥೆ ಪೂರಾ ಹೊಸದೇನಲ್ಲ. ಕುರ್‌ಆನಿನ ಎರಡನೆಯ ಅಧ್ಯಾಯದಲ್ಲಿ ಒಬ್ಬ ಪ್ರವಾದಿಯು ಜನರ ಬೇಡಿಕೆಯ ಮೇರೆಗೆ ತಾಲೂತನು ಅರಸನಾಗುವುದನ್ನು ಸಾರುತ್ತಾನೆ. ಆ ತಾಲೂತನೇ ಇಲ್ಲಿನ ಸೌಲ, ಜಾಲೂತನೆಂಬ ಯೋಧನನ್ನು ಕೊಲ್ಲುವ ದಾವೂದನೇ ಇಲ್ಲಿ ಮುಂದೆ ಅರಸನಾಗುವ ದಾವೀದ. ಅಲ್ಲಿ ಪ್ರವಾದಿಯ ಹೆಸರಿಲ್ಲವಾದರೂ ಅನೇಕ ವ್ಯಾಖ್ಯಾನಕಾರರು ಸಮುವೇಲನೆಂದೇ ಗುರುತಿಸಿದ್ದಾರೆ. ಅಷ್ಟು ಭಾಗವನ್ನು ಮನೆಯಲ್ಲಿ ಕೇಳಿರುವ ಮಕ್ಕಳೇ ತರಗತಿಗೆ ಹೇಳಲಿ, ನೀವು ಕೇಳಿರಿ.