ಒರಾಯನ್ ಮತ್ತು ಚೇಳು ಒಟ್ಟಿಗೆ ಯಾಕೆ ಸಿಗುತ್ತಿಲ್ಲ?

ಒರಾಯನ್ ಮತ್ತು ಚೇಳು ಅನ್ನೋ ನಕ್ಷತ್ರಪುಂಜಗಳು ಆಕಾಶದಲ್ಲಿ ಒಟ್ಟಿಗೆ ಕಾಣುತ್ತಿಲ್ಲ, ನಕ್ಷತ್ರ ನಕ್ಷೆಯೇ ತಪ್ಪಾ ಅಂತ ಕೇಳಿದ್ದೀರಿ. ನಿಮ್ಮ ನಕ್ಷೆಯಲ್ಲಿ ತಪ್ಪಿಲ್ಲ. ಬೇಟೆಗಾರ ಒರಾಯನ್ ಮತ್ತು ಅವನನ್ನು ಕೊಂದ ಚೇಳು (ನಮ್ಮ ವೃಶ್ಚಿಕ) ಆಕಾಶದ ಎದುರುಬದುರು ಬದಿಯಲ್ಲಿವೆ. ಗ್ರೀಕರ ಕಥೆಯಲ್ಲೂ ಹಾಗೇ ಅಲ್ವಾ, ಚೇಳು ಏಳುತ್ತಿದ್ದಂತೆ ಒರಾಯನ್ ಪಡುವಣಕ್ಕೆ ಓಡುತ್ತಾನೆ. ಚೇಳನ್ನು ಕಳಿಸಿದ್ದು ಭೂದೇವಿ ಗಯಾ ಅಂತ ಕೆಲವರು, ಬೇಟೆಯ ದೇವತೆ ಆರ್ಟೆಮಿಸ್ ಅಂತ ಕೆಲವರು. ಇದೇ ಸರಿ ಅಂತ ನಾನು ಹೇಳಲಾರೆ.

ಕರ್ನಾಟಕದಿಂದಾದರೆ ಮೇ ಮೊದಲ ವಾರ ನೋಡಿ. ರಾತ್ರಿ 8ಕ್ಕೆ ಪಶ್ಚಿಮದಲ್ಲಿ, ತೀರಾ ಕೆಳಗೆ, ಸಾಲಾಗಿ ಮೂರು ನಕ್ಷತ್ರ ಹುಡುಕಿ. ಅದು ಒರಾಯನ್‌ನ ಸೊಂಟಪಟ್ಟಿ. ಮರ, ಕಟ್ಟಡ ಅಡ್ಡ ಇರಬಾರದು. ಆಮೇಲೆ 10ಕ್ಕೆ ಆಗ್ನೇಯಕ್ಕೆ ತಿರುಗಿ. ಕೆಂಪಗೆ ಮಿನುಗುವ ಜ್ಯೇಷ್ಠಾ ನಕ್ಷತ್ರ ಚೇಳಿನ ಎದೆ. ಬಾಲದ ಕೊಂಡಿಯೂ ಬೇಕಿದ್ದರೆ ಮಧ್ಯರಾತ್ರಿವರೆಗೆ ಕಾಯಿರಿ, ಕೊಕ್ಕೆಯ ಹಾಗೆ ಬಾಗಿರುತ್ತದೆ, ತುಂಬ ಚಂದ.