‘ಹಡಪದ’ ಅಂದರೆ ಯಾರು, ಈ ಪದ ಎಲ್ಲಿಂದ ಬಂತು?

ಹಡಪ ಅಂದರೆ ಎಲೆ-ಅಡಿಕೆಯ ಚೀಲ. ಅದನ್ನು ಹಿಡಿದು ದೊರೆಯ ಪಕ್ಕದಲ್ಲೇ ಇದ್ದು, ಕೇಳಿದಾಗ ತಾಂಬೂಲ ಕೊಡುವವನು ಹಡಪದವನು, ಹಳೆಗನ್ನಡದಲ್ಲಿ ಹಡಪವಳ.

ಪದ ದ್ರಾವಿಡ ಮೂಲದ್ದೇ. ತಮಿಳಿನ ‘ಅಡೈಪ್ಪೈ’ ನೋಡಿದರೆ ಗೊತ್ತಾಗುತ್ತದೆ: ಅಡೈ ಅಂದರೆ ವೀಳ್ಯದೆಲೆ, ಪೈ ಅಂದರೆ ಚೀಲ. ತೆಲುಗಿನಲ್ಲಿ ಅಡಪಮು, ಕನ್ನಡದಲ್ಲಿ ಅಡಪ, ಹಡಪ ಎರಡೂ ಇವೆ.

ಸುಮ್ನೆ ಎಲೆ ಮಡಚಿಕೊಡುವ ಕೆಲಸ ಅನ್ನಿಸಬಹುದು, ಆದರೆ ದೊರೆ ಬಾಯಿಗೆ ಹಾಕಿಕೊಳ್ಳುವ ವಸ್ತು ಇವನ ಕೈಯಿಂದಲೇ ಬರಬೇಕು, ಅದರಲ್ಲಿ ವಿಷ ಬೆರೆಸುವುದು ಕಷ್ಟವೇನಲ್ಲ ಅಲ್ವಾ? ಹಾಗಾಗಿ ತುಂಬಾ ನಂಬಿಕೆಯವರಿಗಷ್ಟೇ ಈ ಊಳಿಗ. ಜೊತೆಗೆ ಸದಾ ಹತ್ತಿರ ಇರುವುದರಿಂದ ಒಳಗಿನ ಮಾತೆಲ್ಲ ಇವನ ಕಿವಿಗೆ ಬೀಳುತ್ತಿತ್ತು. ಚಾಮರ ಬೀಸುವವರಿಗಿಂತ ಇವನ ಮಾತಿಗೆ ತೂಕ ಜಾಸ್ತಿ ಅಂತಲೇ ನನ್ನ ಅನಿಸಿಕೆ.

ನಮಗೆಲ್ಲ ಗೊತ್ತಿರುವ ಹೆಸರು ಹಡಪದ ಅಪ್ಪಣ್ಣ. 12ನೇ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಆಪ್ತರಾಗಿದ್ದ ಶರಣರು, ವಚನಗಳನ್ನೂ ಬರೆದಿದ್ದಾರೆ. ಅವರ ಹೆಂಡತಿ ಲಿಂಗಮ್ಮ ಕೂಡ ವಚನಕಾರ್ತಿ. ಕ್ಷೌರದ ಸಾಮಾನಿನ ಚೀಲಕ್ಕೂ ಹಡಪ ಎನ್ನುತ್ತಾರೆ. ಕ್ಷೌರ ವೃತ್ತಿಯ ಹಡಪದ ಸಮಾಜದವರು ಇಂದಿಗೂ ಅಪ್ಪಣ್ಣನವರನ್ನು ತಮ್ಮ ಹಿರಿಯರೆಂದು ಗೌರವಿಸುತ್ತಾರೆ.