ಎಸ್‌ಡಬ್ಲ್ಯುಆರ್ 1.2 ಬಂತು, ಆದರೂ ಯಾರಿಗೂ ಕೇಳಿಸುವುದಿಲ್ಲ!

ಹವ್ಯಾಸಿ ರೇಡಿಯೋದವರಿಂದ ಈ ಸಲ ಬಂದ ಆಂಟೆನಾ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಓದಿದೆ. ಅರ್ಧಕ್ಕಿಂತ ಜಾಸ್ತಿ ಪತ್ರಗಳಲ್ಲಿ ಒಂದೇ ಗೋಳು. ಎಸ್‌ಡಬ್ಲ್ಯುಆರ್ (ಆಂಟೆನಾ ಕಡೆ ಕಳಿಸಿದ ಶಕ್ತಿಯಲ್ಲಿ ಎಷ್ಟು ತಿರುಗಿ ಬಂತು ಎಂದು ಹೇಳುವ ಅಂಕಿ; 1 ಎಂದರೆ ಏನೂ ತಿರುಗಿ ಬಂದಿಲ್ಲ) ತೋರಿಸುವ ಮೀಟರಿನ ಮುಳ್ಳು ಚೆನ್ನಾಗಿ ನಿಂತಿದೆ, ಮಾತು ಮಾತ್ರ ತಲುಪುತ್ತಿಲ್ಲ. ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಇನ್ನೊಂದು ಸಲ, ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಉಳಿದವರು ನನ್ನ ಮೇಲೆ ಬೇಜಾರು ಮಾಡಿಕೊಳ್ಳಬಾರದು.

ಪ್ರಶ್ನೆ: ನಮ್ಮದು ಸ್ವಯಂಸೇವಕರ ಸಣ್ಣ ತಂಡ. 145 ಮೆಗಾಹರ್ಟ್ಸ್‌ನಲ್ಲಿ ಒಂದು ಬೇಸ್ ಸ್ಟೇಷನ್ ಇದೆ. ಚಾವಣಿಯ ಮೇಲೆ ಆಂಟೆನಾ, ಅಲ್ಲಿಂದ ಕೆಳಗಿನ ಕೋಣೆಗೆ 30 ಮೀಟರ್ ಆರ್‌ಜಿ-58 ಕೇಬಲ್. ಎಸ್‌ಡಬ್ಲ್ಯುಆರ್ 1.2 ತೋರಿಸುತ್ತದೆ. ಆದರೂ 8 ಕಿಲೋಮೀಟರ್ ಆಚೆ ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೋ) ಹಿಡಿದು ನಿಂತವರ ಮಾತು ಸರಿಯಾಗಿ ಕೇಳಿಸುವುದಿಲ್ಲ. ಒಬ್ಬರು 50 ವ್ಯಾಟ್ ಆಂಪ್ಲಿಫೈಯರ್ ಹಾಕಿ ಎನ್ನುತ್ತಾರೆ. ಇನ್ನೊಬ್ಬರು 8 ಡಿಬಿ (ಡೆಸಿಬೆಲ್) ಗೇನ್ ಇರುವ ಉದ್ದದ ಕೋಲು ಆಂಟೆನಾ ತಗೊಳ್ಳಿ ಎನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ಇಬ್ಬರದ್ದೂ ಬೇಡ.

ಮೊದಲು ಆ 1.2 ವಿಷಯ. ಎಸ್‌ಡಬ್ಲ್ಯುಆರ್ ಎಂದರೆ ಏನು ಅಂತ ಇಲ್ಲಿ ಪಾಠ ಮಾಡುವುದಿಲ್ಲ. ಪರೀಕ್ಷೆ ಬರೆದು ಲೈಸೆನ್ಸ್ ಪಡೆದವರಿಗೆ ಅಷ್ಟು ಗೊತ್ತಿರಬೇಕು. ಒಂದೇ ಮಾತು ಕೇಳುತ್ತೇನೆ. ಡಮ್ಮಿ ಲೋಡ್ ಎಂದರೆ ಬಂದ ಶಕ್ತಿಯನ್ನೆಲ್ಲ ಬಿಸಿಯಾಗಿಸಿ ಮುಗಿಸುವ, ಪರೀಕ್ಷೆಗೆಂದೇ ಇರುವ ಸಾಧನ. ಡಮ್ಮಿ ಲೋಡ್‌ನ ಎಸ್‌ಡಬ್ಲ್ಯುಆರ್ ಎಷ್ಟು? 1.0 ಅಲ್ವಾ? ಅದಕ್ಕಿಂತ ಒಳ್ಳೆಯ ಅಂಕಿ ಇಲ್ಲವೇ ಇಲ್ಲ. ಅದನ್ನು ಚಾವಣಿಯ ಮೇಲಿಟ್ಟು ಮಾತಾಡಿ ನೋಡಿ, ಪಕ್ಕದ ಬೀದಿಗೂ ಸರಿಯಾಗಿ ಕೇಳಿಸುವುದಿಲ್ಲ. ಎಷ್ಟು ಶಕ್ತಿ ತಿರುಗಿ ಬಂತು ಎನ್ನುವುದಷ್ಟೇ ಮೀಟರಿಗೆ ಗೊತ್ತು. ತಿರುಗಿ ಬಾರದ ಶಕ್ತಿ ಗಾಳಿಗೆ ಹೋಯಿತೋ, ದಾರಿಯಲ್ಲೇ ಬಿಸಿಯಾಗಿ ಸತ್ತಿತೋ, ಅದಕ್ಕೆ ಗೊತ್ತಿಲ್ಲ.

ನಿಮ್ಮಲ್ಲಿ ಸತ್ತಿರುವುದು ದಾರಿಯಲ್ಲೇ. 145 ಮೆಗಾಹರ್ಟ್ಸ್‌ನಲ್ಲಿ ಆರ್‌ಜಿ-58 ಕೇಬಲ್ 100 ಮೀಟರಿಗೆ ಸುಮಾರು 20 ಡೆಸಿಬೆಲ್ ತಿನ್ನುತ್ತದೆ. ನಿಮ್ಮ 30 ಮೀಟರಿಗೆ 6 ಡೆಸಿಬೆಲ್. ಅಂದರೆ ಕಾಲು ಭಾಗ ಮಾತ್ರ ಮೇಲೆ ಹೋಗುತ್ತದೆ. ರೇಡಿಯೋ 5 ವ್ಯಾಟ್ ಕೊಟ್ಟರೆ ಆಂಟೆನಾಕ್ಕೆ ಸಿಗುವುದು ಒಂದೂಕಾಲು ವ್ಯಾಟ್.

ತಮಾಷೆ ಇರುವುದು ಮುಂದೆ. ಆಂಟೆನಾ ಕೆಟ್ಟು ಅಲ್ಲಿ ಎಸ್‌ಡಬ್ಲ್ಯುಆರ್ 3 ಆಗಿದೆ ಅಂದುಕೊಳ್ಳಿ. ತಿರುಗಿ ಬರುವ ಶಕ್ತಿಯೂ ಅದೇ ಕೇಬಲ್‌ನಲ್ಲಿ ಇಳಿಯಬೇಕು. ಇಳಿಯುವಾಗ ಇನ್ನೊಂದು 6 ಡೆಸಿಬೆಲ್ ಕಳೆದುಕೊಳ್ಳುತ್ತದೆ. ಕೆಳಗಿನ ಮೀಟರಿಗೆ ಕಾಣುವುದು 1.3. ನೀವು ಸಂತೋಷಪಡುತ್ತೀರಿ. ಆಂಟೆನಾವನ್ನೇ ಕಿತ್ತು ಕೇಬಲ್ ತುದಿಯನ್ನು ಖಾಲಿ ಬಿಟ್ಟರೂ ಮೀಟರ್ 1.7 ರ ಹತ್ತಿರವೇ ನಿಲ್ಲುತ್ತದೆ! ಆಂಟೆನಾ ಇಲ್ಲದೆ 1.7. ಕೇಬಲ್ ಕೆಟ್ಟಷ್ಟೂ ಮೀಟರ್ ಹೊಗಳುತ್ತದೆ.

ಇದನ್ನು ನನ್ನ ಮಾತಿನ ಮೇಲೆ ನಂಬಬೇಡಿ. ಅನಲೈಜರ್ (ಆಂಟೆನಾ, ಕೇಬಲ್ ಅಳೆಯುವ ಉಪಕರಣ) ಇದ್ದರೆ ಮೇಲಿನ ತುದಿ ಬಿಚ್ಚಿ ಕೆಳಗಿನಿಂದ ಅಳೆಯಿರಿ. ಇಲ್ಲದಿದ್ದರೆ ವ್ಯಾಟ್ ಮೀಟರನ್ನು ಡಮ್ಮಿ ಲೋಡ್ ಜೊತೆ ಚಾವಣಿಗೆ ತೆಗೆದುಕೊಂಡು ಹೋಗಿ, ಕೇಬಲ್ ತುದಿಯಲ್ಲಿ ಎಷ್ಟು ವ್ಯಾಟ್ ಬರುತ್ತಿದೆ ನೋಡಿ. ಹತ್ತು ನಿಮಿಷದ ಕೆಲಸ. ಇಷ್ಟು ಮಾಡದೆ ಆಂಪ್ಲಿಫೈಯರ್ ಕೊಳ್ಳಲು ಹೊರಟಿದ್ದೀರಲ್ಲ, ಅದೇ ನನಗೆ ಸಿಟ್ಟು.

ಆಂಪ್ಲಿಫೈಯರ್ ಯಾಕೆ ಬೇಡ? ನಿಮ್ಮ ಪ್ರಶ್ನೆಯನ್ನೇ ಇನ್ನೊಂದು ಸಲ ಓದಿ. ಅವರ ಮಾತು ನಿಮಗೆ ಕೇಳಿಸುತ್ತಿಲ್ಲ. ನೀವು 50 ವ್ಯಾಟ್‌ನಲ್ಲಿ ಕಿರುಚಿದರೆ ಅವರ ದನಿ ಜೋರಾಗುತ್ತದೆಯೇ? ಅವರ ಹ್ಯಾಂಡಿಯಿಂದ ಬಂದ ಚೂರುಪಾರು ಸಿಗ್ನಲ್ಲನ್ನೂ ಅದೇ ಕೇಬಲ್ ಮುಕ್ಕಾಲು ಪಾಲು ನುಂಗುತ್ತಿದೆ. ಜೊತೆಗೆ ಹ್ಯಾಂಡಿಯ ಮೇಲಿರುವ ಆ ಗಿಡ್ಡ ರಬ್ಬರ್ ಆಂಟೆನಾ. ಅದು ಜೇಬಿಗೆ ಅನುಕೂಲ, ಸಿಗ್ನಲಿಗೆ ಅಲ್ಲ. ನಿಮ್ಮವರಿಗೆ ಪೂರ್ತಿ ಕಾಲು ತರಂಗದ (ತರಂಗದ ಉದ್ದದ ನಾಲ್ಕನೇ ಒಂದು ಭಾಗ), ಅಂದರೆ ಸುಮಾರು 49 ಸೆಂಟಿಮೀಟರಿನ ಕಡ್ಡಿ ಆಂಟೆನಾ ಕೊಡಿ. ಅದೂ ಸಾಲದಿದ್ದರೆ ಅಷ್ಟೇ ಉದ್ದದ ತಂತಿಯೊಂದನ್ನು ಹ್ಯಾಂಡಿಯ ಆಂಟೆನಾ ಕನೆಕ್ಟರಿನ ಹೊರಸುತ್ತಿಗೆ, ಅಂದರೆ ಗ್ರೌಂಡಿಗೆ, ಸಿಕ್ಕಿಸಿ ಕೆಳಗೆ ಬಾಲದ ಹಾಗೆ ಇಳಿಬಿಡಿ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಕೆಲಸ ಮಾಡುತ್ತದೆ.

ಬೇಸ್‌ನಲ್ಲಿ ಏನು ಮಾಡಬೇಕು? ರೇಡಿಯೋವನ್ನು ಮೇಲಿನ ಮಹಡಿಗೆ ಒಯ್ಯಿರಿ. ಅಷ್ಟೇ. ಇದೇ ಆರ್‌ಜಿ-58 ಅನ್ನು 5 ಮೀಟರಿಗೆ ಕತ್ತರಿಸಿದರೆ ನಷ್ಟ 1 ಡೆಸಿಬೆಲ್. ಐದು ವ್ಯಾಟ್‌ನಲ್ಲಿ ನಾಲ್ಕು ಮೇಲೆ ಹೋಗುತ್ತದೆ. ಆಪರೇಟರ್ ಮೆಟ್ಟಿಲು ಹತ್ತಬೇಕು, ಹತ್ತಲಿ. ಕೆಳಗೇ ಕೂರಬೇಕು ಎನ್ನುವ ಹಟ ಇದ್ದರೆ ದಪ್ಪಗಿನ ಆರ್‌ಜಿ-213 ಹಾಕಿ. ಅದರಲ್ಲೂ 30 ಮೀಟರಿಗೆ ಹೆಚ್ಚುಕಡಿಮೆ ಅರ್ಧ ಶಕ್ತಿ ಹೋಗುತ್ತದೆ ಎನ್ನುವುದು ನೆನಪಿರಲಿ.

ಇನ್ನು ಆ 8 ಡಿಬಿ ಕೋಲು. ಯಾವುದಕ್ಕೆ ಹೋಲಿಸಿದರೆ 8? ಡಬ್ಬಿಯ ಮೇಲೆ ಬರೀ ‘ಡಿಬಿ’ ಎಂದು ಬರೆದವರನ್ನು ನಾನು ನಂಬುವುದಿಲ್ಲ. ಡಿಬಿಐ (ಎಲ್ಲ ಕಡೆ ಸಮನಾಗಿ ಕಳಿಸುವ ಕಾಲ್ಪನಿಕ ಆಂಟೆನಾಕ್ಕೆ ಹೋಲಿಸಿದ್ದು) ಮತ್ತು ಡಿಬಿಡಿ (ಡೈಪೋಲ್, ಅಂದರೆ ಎರಡು ಕೈಯ ಸಾದಾ ತಂತಿ ಆಂಟೆನಾಕ್ಕೆ ಹೋಲಿಸಿದ್ದು) ನಡುವೆ 2.15 ವ್ಯತ್ಯಾಸ ಇದೆ, ಮಾರುವವರಿಗೆ ಅದು ಚೆನ್ನಾಗಿ ಗೊತ್ತು. ಅಂಕಿ ನಿಜವೇ ಇರಲಿ. ಆಂಟೆನಾ ಶಕ್ತಿ ಹುಟ್ಟಿಸುವುದಿಲ್ಲ. ಮೇಲೆ ಕೆಳಗೆ ಹೋಗುವುದನ್ನು ಹಿಂಡಿ ಅಡ್ಡಕ್ಕೆ ತಳ್ಳುತ್ತದೆ. ಬಯಲಲ್ಲಿ ಅದು ಲಾಭ. ನೀವು ಗುಡ್ಡದ ಮೇಲಿದ್ದು ನಿಮ್ಮವರು ಬುಡದ ಕಣಿವೆಯಲ್ಲಿದ್ದರೆ ಸಿಗ್ನಲ್ ಅವರ ತಲೆ ಮೇಲಿಂದ ಹಾರಿಹೋಗುತ್ತದೆ.

ನಿಮಗೆ ಬೇಕಾಗಿರುವುದು ಸಾದಾ ಗ್ರೌಂಡ್ ಪ್ಲೇನ್, ಅಂದರೆ ನಡುವೆ ನೆಟ್ಟಗೆ ಒಂದು ಕಡ್ಡಿ, ಬುಡದಲ್ಲಿ ಸುತ್ತ ರೇಡಿಯಲ್ ಎನ್ನುವ ನಾಲ್ಕು ಕಡ್ಡಿ ಇರುವ ಆಂಟೆನಾ. ಒಂದು ಸಂಜೆಯಲ್ಲಿ ಕಟ್ಟಬಹುದು. ಎಸ್‌ಒ-239 ಪ್ಯಾನೆಲ್ ಕನೆಕ್ಟರ್ ಒಂದು, ಗಟ್ಟಿ ತಂತಿಯ ಐದು ತುಂಡು. 71.5 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಕಾಲು ತರಂಗದ ಉದ್ದ ಮೀಟರಿನಲ್ಲಿ ಸಿಗುತ್ತದೆ. 145ಕ್ಕೆ 49.3 ಸೆಂಟಿಮೀಟರ್. ನಡುವಿನ ಪಿನ್ನಿಗೆ 51 ಸೆಂಟಿಮೀಟರ್ ತಂತಿ ಬೆಸೆಯಿರಿ, ಜಾಸ್ತಿ ಇರುವುದನ್ನು ಆಮೇಲೆ ಕತ್ತರಿಸಬಹುದು. ನಾಲ್ಕು ಮೂಲೆಯ ತೂತಿಗೆ 52 ಸೆಂಟಿಮೀಟರಿನ ನಾಲ್ಕು ರೇಡಿಯಲ್ ಸ್ಕ್ರೂ ಮಾಡಿ, 45 ಡಿಗ್ರಿ ಕೆಳಗೆ ಬಗ್ಗಿಸಿ. ಬಗ್ಗಿಸುವುದು ಅಂದಕ್ಕಲ್ಲ. ನೇರ ಅಡ್ಡಕ್ಕೆ ಬಿಟ್ಟರೆ ಇಂಪಿಡೆನ್ಸ್ (ಆಂಟೆನಾ ಒಡ್ಡುವ ತಡೆ) 36 ಓಮ್ ಹತ್ತಿರ ಇರುತ್ತದೆ, ಇಳಿಬಿಟ್ಟರೆ ಕೇಬಲ್ಲಿಗೆ ಹೊಂದುವ 50ಕ್ಕೆ ಏರುತ್ತದೆ. ಆಮೇಲೆ ಟ್ಯೂನ್ ಮಾಡುವಾಗ ಕಟಿಂಗ್ ಪ್ಲೇಯರ್ ಹಿಡಿದು ಧಾರಾಳವಾಗಬೇಡಿ. 5 ಮಿಲಿಮೀಟರ್ ಕತ್ತರಿಸಿದರೆ ಆಂಟೆನಾ ಹೊಂದುವ ಫ್ರೀಕ್ವೆನ್ಸಿ ಸುಮಾರು ಒಂದೂವರೆ ಮೆಗಾಹರ್ಟ್ಸ್ ಮೇಲೆ ಓಡುತ್ತದೆ. ಎಸ್‌ಡಬ್ಲ್ಯುಆರ್ 1.5 ಬಂದರೆ ನಿಲ್ಲಿಸಿ. 1.5ರಲ್ಲಿ ತಿರುಗಿ ಬರುವುದು ನೂರಕ್ಕೆ 4 ಮಾತ್ರ. ಅದನ್ನು 1.1 ಮಾಡಲು ಇಡೀ ಭಾನುವಾರ ಕಳೆದವರು ನನಗೆ ಗೊತ್ತು. ಆ ವ್ಯತ್ಯಾಸ ಯಾವ ಕಿವಿಗೂ ಕೇಳಿಸುವುದಿಲ್ಲ.

ತಂತಿಯ ತುದಿಗಳಿಗೆ ಪ್ಲಾಸ್ಟಿಕ್ ಟೋಪಿ ಹಾಕಿ. ಕಣ್ಣಿಗೆ ಚುಚ್ಚುವ ಎತ್ತರದಲ್ಲಿ ಎಂದೂ ನಿಲ್ಲಿಸಬೇಡಿ. ಕನೆಕ್ಟರನ್ನು ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್‌ನಿಂದ ಸುತ್ತಿ. ಇಲ್ಲಿ ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಒಮ್ಮೆ ಅವಸರದಲ್ಲಿ ಸಾದಾ ಇನ್ಸುಲೇಷನ್ ಟೇಪ್ ಸುತ್ತಿ ಇಳಿದುಬಂದೆ. ಮಳೆ ಬಂತು. ಮೂರು ದಿನ ರೇಡಿಯೋಗೆ ಬೈದೆ, ಪವರ್ ಸಪ್ಲೈ ಬಿಚ್ಚಿದೆ, ಮೈಕ್ ಬದಲಿಸಿದೆ. ಕೊನೆಗೆ ಮೇಲೆ ಹತ್ತಿ ಕೇಬಲ್ ಬಿಚ್ಚಿದರೆ ಕನೆಕ್ಟರಿನಿಂದ ನೀರು ಸುರಿಯಿತು. ಅಷ್ಟೂ ದಿನ ಎಸ್‌ಡಬ್ಲ್ಯುಆರ್ ಚೆನ್ನಾಗಿಯೇ ಇತ್ತು! ನೀರು ಕುಡಿದ ಕೇಬಲ್ ಕೂಡ ಒಂದು ಒಳ್ಳೆಯ ಡಮ್ಮಿ ಲೋಡ್.

ಕೊನೆಗೆ ಎತ್ತರ. ಬಯಲು ಜಾಗದಲ್ಲಿ ವಿಎಚ್ಎಫ್ (ನಿಮ್ಮ 145 ಮೆಗಾಹರ್ಟ್ಸ್ ಸೇರುವ ತರಂಗಪಟ್ಟಿ) ಎಷ್ಟು ದೂರ ಹೋಗಬಹುದು? ಎರಡೂ ಕಡೆಯ ಆಂಟೆನಾ ಎತ್ತರದ ವರ್ಗಮೂಲಗಳನ್ನು ಕೂಡಿಸಿ 4.12ರಿಂದ ಗುಣಿಸಿ. ಎತ್ತರ ಮೀಟರಿನಲ್ಲಿ, ಉತ್ತರ ಕಿಲೋಮೀಟರಿನಲ್ಲಿ. ನೆಲದ ಮೇಲೆ ನಿಂತ ಇಬ್ಬರ ಹ್ಯಾಂಡಿ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ 10 ಕಿಲೋಮೀಟರ್. ಒಂದು ಕಡೆ 12 ಮೀಟರಿಗೆ ಏರಿಸಿದರೆ 19. ನಡುವೆ ಗುಡ್ಡ ಇದ್ದರೆ ಈ ಲೆಕ್ಕವೆಲ್ಲ ಸುಮ್ನೆ. ಆಗ ಗುಡ್ಡದ ಮೇಲೆ ಒಬ್ಬರನ್ನು ಕೂರಿಸಿ ಮಾತು ದಾಟಿಸಲು ಹೇಳಿ.

ಪ್ರಶ್ನೆ: 80 ಕಿಲೋಮೀಟರ್ ಆಚೆ, ಬೆಟ್ಟಸಾಲಿನ ಹಿಂದೆ ಇರುವ ತಂಡದ ಜೊತೆ 7 ಮೆಗಾಹರ್ಟ್ಸ್‌ನಲ್ಲಿ ಮಾತಾಡಬೇಕು. ಡೈಪೋಲನ್ನು 20 ಮೀಟರ್ ಎತ್ತರದಲ್ಲಿ ಕಟ್ಟದಿದ್ದರೆ ಪ್ರಯೋಜನವಿಲ್ಲ ಎನ್ನುತ್ತಾರೆ. ನಮ್ಮಲ್ಲಿ ಅಷ್ಟು ಎತ್ತರದ ಕಂಬ ಇಲ್ಲ.

ಉತ್ತರ: ಇಲ್ಲದ್ದೇ ಒಳ್ಳೆಯದಾಯಿತು. ಹಾಗೆಂದವರು ಖಂಡದಾಚೆ ಮಾತಾಡುವ ಯೋಚನೆಯಲ್ಲಿದ್ದಾರೆ. ನಿಮಗೆ ಬೇಕಾಗಿರುವುದು ನೆತ್ತಿಯ ಕಡೆ ಹೋಗಿ, ಅಯಾನುಗೋಳಕ್ಕೆ (ರೇಡಿಯೋ ತರಂಗವನ್ನು ಹಿಂದಿರುಗಿಸುವ, ವಾತಾವರಣದ ಮೇಲಿನ ಪದರ) ಬಡಿದು, ಬೆಟ್ಟದ ಆಚೆ ಮಳೆಯ ಹಾಗೆ ಇಳಿಯುವ ಸಿಗ್ನಲ್. ಅದಕ್ಕೆ ಡೈಪೋಲ್ 5ರಿಂದ 8 ಮೀಟರ್ ಎತ್ತರದಲ್ಲಿದ್ದರೆ ಸಾಕು. ಮುನ್ನೂರು, ನಾನ್ನೂರು ಕಿಲೋಮೀಟರ್‌ವರೆಗೆ ನಡುವೆ ಬಿಡುವಿಲ್ಲದೆ ಮುಟ್ಟಬಹುದು. ಉದ್ದಕ್ಕೆ 143 ಭಾಗಿಸು ಮೆಗಾಹರ್ಟ್ಸ್. 7.1ಕ್ಕೆ ಒಟ್ಟು 20.1 ಮೀಟರ್, ಒಂದೊಂದು ಕೈಗೆ 10 ಮೀಟರ್ ಚಿಲ್ಲರೆ. 10.3 ಕತ್ತರಿಸಿ, ಕಟ್ಟಿ, ಅಳೆದು, ಮಡಚುತ್ತಾ ಬನ್ನಿ. ಎರಡೂ ಕಡೆ 7 ಸೆಂಟಿಮೀಟರ್ ಕಮ್ಮಿ ಮಾಡಿದರೆ ಸುಮಾರು 50 ಕಿಲೋಹರ್ಟ್ಸ್ ಮೇಲೆ ಹೋಗುತ್ತದೆ. ಪ್ಲಾಸ್ಟಿಕ್ ಹೊದಿಕೆಯ ತಂತಿಯಾದರೆ ಇನ್ನೂ ಸ್ವಲ್ಪ ಗಿಡ್ಡವಾಗಬೇಕಾಗುತ್ತದೆ.

ರಾತ್ರಿ ಇದ್ದಕ್ಕಿದ್ದಂತೆ ಹತ್ತಿರದವರು ಮಾಯವಾಗಿ ಸಾವಿರ ಕಿಲೋಮೀಟರ್ ಆಚೆಯವರು ಕೇಳಿಸಿದರೆ ಆಂಟೆನಾ ಕೆಟ್ಟಿಲ್ಲ. ಮೇಲಿನ ಪದರ ತೆಳುವಾಗಿ, ನೆಟ್ಟಗೆ ಹೋದ 7 ಮೆಗಾಹರ್ಟ್ಸ್ ತೂರಿಕೊಂಡು ಆಚೆ ಹೋಗುತ್ತಿದೆ. 3.5ಕ್ಕೆ ಇಳಿಯಿರಿ. ಅದಕ್ಕೂ ಒಂದು ಡೈಪೋಲ್ ಮೊದಲೇ ಕಟ್ಟಿಟ್ಟುಕೊಳ್ಳಿ, ಕತ್ತಲಲ್ಲಿ ಟಾರ್ಚ್ ಹಿಡಿದು ಕಟ್ಟುವ ಕೆಲಸ ಅದಲ್ಲ. ಈ ಕೆಲಸಕ್ಕೆ ಲಂಬ ಆಂಟೆನಾ ಮಾತ್ರ ಬೇಡ. ಅದು ನೆತ್ತಿಯ ಕಡೆ ಏನನ್ನೂ ಕಳಿಸುವುದಿಲ್ಲ.

ಪ್ರಶ್ನೆ: ಯಾಗಿ ಆಂಟೆನಾ ಎಲ್ಲಕ್ಕಿಂತ ಒಳ್ಳೆಯದಂತೆ. ತಂಡದ ಬೇಸ್‌ಗೆ ಅದನ್ನೇ ಹಾಕಬಹುದೇ?

ಉತ್ತರ: ಯಾಗಿ ಒಂದೇ ದಿಕ್ಕಿಗೆ ಗುರಿಯಿಡುವ ಆಂಟೆನಾ. ನಿಮ್ಮ ಸ್ವಯಂಸೇವಕರೆಲ್ಲ ಒಂದೇ ಕಡೆ ಸಾಲಾಗಿ ನಿಲ್ಲುತ್ತಾರೆಯೇ? ಇಲ್ಲವಾದರೆ ಬೇಡ. ದೂರದ ಒಂದು ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ಕಳಿಸುವ ಸ್ಟೇಷನ್) ಮುಟ್ಟಬೇಕಾದರೆ ಹಾಕಿ, ಕಡ್ಡಿಗಳು ನೆಟ್ಟಗೆ ಇರಲಿ. ಅಡ್ಡ ಇಟ್ಟರೆ ಪೋಲರೈಸೇಷನ್ (ತರಂಗ ಕಂಪಿಸುವ ದಿಕ್ಕು) ತಪ್ಪಿ 20 ಡೆಸಿಬೆಲ್‌ವರೆಗೂ ಕಳೆದುಕೊಳ್ಳುತ್ತೀರಿ. ಅಂದಹಾಗೆ ಅದು ಯಾಗಿ–ಉಡ ಆಂಟೆನಾ. 1926ರಲ್ಲಿ ಜಪಾನಿನಲ್ಲಿ ಇಬ್ಬರೂ ಸೇರಿ ಪ್ರಕಟಿಸಿದ್ದು. ಪ್ರಯೋಗದ ಕೆಲಸ ಬಹುಪಾಲು ಶಿಂತಾರೊ ಉಡ ಅವರದ್ದು. 1928ರಲ್ಲಿ ಇಂಗ್ಲಿಷಿನಲ್ಲಿ ಬರೆದವರು ಯಾಗಿ, ಹೆಸರು ಅವರಿಗೆ ಅಂಟಿಕೊಂಡಿತು.

ಪ್ರಶ್ನೆ: ತಾಮ್ರ ಒಳ್ಳೆಯದೋ ಅಲ್ಯೂಮಿನಿಯಮ್ಮೋ?

ಉತ್ತರ: ಗಾಳಿಗೆ ಮುರಿಯದ್ದು ಒಳ್ಳೆಯದು.

ಪ್ರಶ್ನೆ: ರೇಡಿಯೋದಲ್ಲೇ ಟ್ಯೂನರ್ (ರೇಡಿಯೋ ಕಡೆಯ ಎಸ್‌ಡಬ್ಲ್ಯುಆರ್ ಸರಿಹೊಂದಿಸುವ ಭಾಗ) ಇದೆ. ಯಾವ ತಂತಿಯಾದರೂ ನಡೆಯುತ್ತದೆ ಅಲ್ವಾ?

ಉತ್ತರ: ಟ್ಯೂನರ್ ರೇಡಿಯೋವನ್ನು ಸಮಾಧಾನ ಮಾಡುತ್ತದೆ. ಮೇಲಿರುವ ತಂತಿ ಮೊದಲು ಹೇಗಿತ್ತೋ ಹಾಗೇ ಇರುತ್ತದೆ.

ಪ್ರಶ್ನೆ: ಹ್ಯಾಂಡಿ ಹಿಂದೆ ಅಂಟಿಸುವ ಸಿಗ್ನಲ್ ಹೆಚ್ಚಿಸುವ ಸ್ಟಿಕ್ಕರ್ ಬಗ್ಗೆ ನಿಮ್ಮ ಅಭಿಪ್ರಾಯ?

ಉತ್ತರ: ಅಂಟು ಚೆನ್ನಾಗಿರುತ್ತದೆ.

ಪ್ರಶ್ನೆ: ಮಿಂಚು ನಿರೋಧಕ ಹಾಕಿದ್ದೇನೆ. ಗುಡುಗು ಮಳೆಯಲ್ಲೂ ರೇಡಿಯೋ ಬಳಸಬಹುದೇ?

ಉತ್ತರ: ಬೇಡ. ಹತ್ತಿರ ಬಡಿದ ಸಿಡಿಲಿನ ಏರಿಳಿತಕ್ಕೆ ಅದು ನೆರವಾಗುತ್ತದೆ, ನೇರ ಬಡಿದದ್ದಕ್ಕೆ ಅಲ್ಲ. ಮೋಡ ಕಟ್ಟುವಾಗಲೇ ಕೇಬಲ್ ಬಿಚ್ಚಿ ಕಿಟಕಿಯ ಆಚೆ ಹಾಕಿ. ಗುಡುಗು ಶುರುವಾದ ಮೇಲೆ ಬಿಚ್ಚಲು ಹೋಗಬೇಡಿ.

ಪ್ರಶ್ನೆ: ಕಂಬ ನಿಲ್ಲಿಸಲು ಇರುವ ಒಂದೇ ಜಾಗದಿಂದ ವಿದ್ಯುತ್ ತಂತಿ ನಾಲ್ಕೈದು ಮೀಟರ್ ದೂರದಲ್ಲಿದೆ. ಕಂಬ 9 ಮೀಟರ್. ಫೈಬರ್ ಕಂಬವಾದರೆ ಪರವಾಗಿಲ್ಲ ಅಲ್ವಾ?

ಉತ್ತರ: ಇಲ್ಲ. ಕಂಬ ಫೈಬರ್ ಆದರೂ ಅದರ ಮೇಲೆ ನೀವು ಕಟ್ಟಿರುವುದು ತಂತಿ, ಅದರಿಂದ ಇಳಿದು ಬರುವುದು ಕೇಬಲ್, ಕೇಬಲ್ ಹಿಡಿದಿರುವುದು ಮನುಷ್ಯ. ಒದ್ದೆಯಾದರೆ ಕಂಬವನ್ನೂ ನಂಬುವ ಹಾಗಿಲ್ಲ. ಕಂಬ ಯಾವ ಕಡೆ ಬಿದ್ದರೂ, ಅದರ ತುದಿಯ ಆಂಟೆನಾ ಸೇರಿಸಿ, ವಿದ್ಯುತ್ ತಂತಿಯನ್ನು ಮುಟ್ಟಬಾರದು. ನಾನು ಒಟ್ಟು ಎತ್ತರದ ಒಂದೂವರೆ ಪಟ್ಟು ದೂರ ಬಿಡುತ್ತೇನೆ, ಅಂದರೆ ನಿಮ್ಮ ಕಂಬಕ್ಕೆ ಕಮ್ಮಿ ಎಂದರೂ ಹದಿನಾಲ್ಕು ಮೀಟರ್. ಅಷ್ಟು ಜಾಗ ಇಲ್ಲದಿದ್ದರೆ ಕಂಬದ ಯೋಚನೆ ಬಿಟ್ಟು ಸೂರಿನ ಕೆಳಗೆ, ಮನೆಯೊಳಗೇ ತಂತಿ ಕಟ್ಟಿ. ತಗಡಿನ ಸೂರಾದರೆ ಅದೂ ಆಗುವುದಿಲ್ಲ, ಬೇರೆ ಜಾಗ ನೋಡಿ.